ಬೆರಳಿಗೆ ಬಿಡುವು, ಕೈಗೆ ಕೆಲಸ

ಬಸ್ಸಿಗೆ ಕಾಯುವಾಗ, ಕುಕ್ಕರ್ ಕೂಗುವ ತನಕ, ಊಟ ಮುಗಿದು ನಿದ್ದೆ ಬರುವ ತನಕ, ಬೆಳಿಗ್ಗೆ ಎಚ್ಚರವಾಗಿ ಹಾಸಿಗೆ ಬಿಡುವ ತನಕ ಸಿಗುವ ತುಂಡು ಹೊತ್ತುಗಳಿಗೆ ಹಿಂದೆ ಬೇರೆ ಬೇರೆ ಉಪಯೋಗಗಳಿದ್ದವು. ಈಗ ಬಹಳಷ್ಟು ಮಂದಿಗೆ ಅವೆಲ್ಲಕ್ಕೂ ಒಂದೇ ಉಪಯೋಗ. ಕೈ ತಾನಾಗಿ ಮೊಬೈಲಿನತ್ತ ಹೋಗುತ್ತದೆ, ಹೆಬ್ಬೆರಳು ತಾನಾಗಿ ಮೇಲಕ್ಕೆ ಸರಿಯುತ್ತದೆ. ಒಂದು ರೀಲ್ಸ್‌ನಲ್ಲಿ ಅಡುಗೆ, ಮುಂದಿನದರಲ್ಲಿ ಅಪಘಾತ, ಅದರ ಮುಂದಿನದರಲ್ಲಿ ಯಾರದೋ ಮದುವೆಯ ಕುಣಿತ. ಅರ್ಧ ಗಂಟೆಯ ನಂತರ ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ತೋಚುವುದಿಲ್ಲ. ಬೇಕೆಂದು ನೋಡಿದ್ದಲ್ಲ, ನೋಡಿ ಸಂತೋಷಪಟ್ಟದ್ದೂ ಕಡಿಮೆ. ಹೊತ್ತು ಮಾತ್ರ ಹೋಯಿತು.

ಈ ಮಾತು ಬಂದಾಗಲೆಲ್ಲ ಸಿಗುವ ಸಲಹೆ ‘ಮೊಬೈಲ್ ಕಡಿಮೆ ಮಾಡಿ’ ಎಂಬುದು. ಸಲಹೆಯಲ್ಲಿ ತಪ್ಪಿಲ್ಲ, ಆದರೆ ಅದು ಅರ್ಧ ಸಲಹೆ. ಉಳಿದ ಹೊತ್ತನ್ನು ಏನು ಮಾಡಬೇಕು ಎಂಬ ಇನ್ನರ್ಧವನ್ನು ಕೇಳುವವನೇ ಹುಡುಕಿಕೊಳ್ಳಬೇಕಾಗಿದೆ. ಕಳೆದ ಕೆಲವು ವರ್ಷಗಳ ಸಂಶೋಧನೆಗಳನ್ನೂ ನಮ್ಮ ಸುತ್ತಲಿನ ಊರುಗಳ ಪ್ರಯತ್ನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಫೋನ್ ಬಿಡುವ ಪ್ರಯತ್ನ ಗೆಲ್ಲುವುದೂ ಸೋಲುವುದೂ ಆ ಇನ್ನರ್ಧದಲ್ಲಿ.

ಕೊನೆಯಿಲ್ಲದ ಪುಟ ಬಂದ ಬಗೆ

ಹಿಂದೆ ಇಂಟರ್‌ನೆಟ್ಟಿನ ಪುಟಕ್ಕೊಂದು ಕೊನೆ ಇರುತ್ತಿತ್ತು. ಕೆಳಗೆ ತಲುಪಿದಾಗ ‘ಮುಂದಿನ ಪುಟ’ ಎಂಬುದನ್ನು ಒತ್ತಬೇಕಿತ್ತು. ಒತ್ತುವ ಮೊದಲಿನ ಆ ಒಂದು ಕ್ಷಣದಲ್ಲಿ ಸಾಕೋ ಇನ್ನೂ ಬೇಕೋ ಎಂದು ಮನಸ್ಸು ತನ್ನನ್ನೇ ಕೇಳಿಕೊಳ್ಳುತ್ತಿತ್ತು. 2006ರಲ್ಲಿ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್ ರೂಪಿಸಿದ ‘ಇನ್ಫಿನಿಟ್ ಸ್ಕ್ರೋಲ್’ ಆ ಕ್ಷಣವನ್ನೇ ತೆಗೆದುಹಾಕಿತು. ಬಳಸುವವರ ಶ್ರಮ ಉಳಿಯಲಿ ಎಂಬುದು ಅವರ ಉದ್ದೇಶವಾಗಿತ್ತು. ಅದು ಕೋಟ್ಯಂತರ ಜನರ ಹೊತ್ತು ನುಂಗಿದ್ದನ್ನು ಕಂಡ ಮೇಲೆ ಅವರೇ ಬಹಿರಂಗವಾಗಿ ವಿಷಾದಿಸಿದರು.

ಕೊನೆ ಇಲ್ಲದಿರುವುದು ಒಂದು ಸೆಳೆತ. ಮುಂದೇನು ಬರುತ್ತದೆ ಎಂದು ಗೊತ್ತಿಲ್ಲದಿರುವುದು ಇನ್ನೊಂದು. ಮನೋವಿಜ್ಞಾನಿಗಳಾದ ಫರ್ಸ್ಟರ್ ಮತ್ತು ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1957ರಲ್ಲಿ ಪ್ರಕಟಿಸಿದ್ದರು. ಎಷ್ಟನೆಯ ಸಲ ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದು ತಿಳಿಯದಂತೆ ಮಾಡಿದಾಗ ಪಾರಿವಾಳಗಳು ಬಿಡದೆ ಕುಕ್ಕಿದವು. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇದ್ದವು. ಹತ್ತು ಸಪ್ಪೆ ವಿಡಿಯೊಗಳ ನಂತರ ನಗು ತರಿಸುವ ಒಂದು ಬಂದರೆ, ಮುಂದಿನ ಹತ್ತನ್ನು ನಾವು ಯಾಕೆ ದಾಟುತ್ತೇವೆ ಎಂಬುದಕ್ಕೆ ವಿವರಣೆ ಅಲ್ಲಿದೆ. ಸಂಕಲ್ಪ ಗಟ್ಟಿಯಿಲ್ಲ ಎಂದು ತಮ್ಮನ್ನೇ ಹಳಿದುಕೊಳ್ಳುವವರು ಇದನ್ನು ತಿಳಿದಿರಬೇಕು. ನಮ್ಮ ಎದುರಿಗಿರುವುದು ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಿದ್ದಿ ತೀಡಿದ ಯಂತ್ರ.

ನಮ್ಮಲ್ಲಿ ಇದು ಹಬ್ಬಿದ ವೇಗಕ್ಕೆ ಬೇರೆ ಕಾರಣಗಳೂ ಇವೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಬೆಲೆ ನೆಲಕಚ್ಚಿತು. ಅಲ್ಲಿಯವರೆಗೆ ಲೆಕ್ಕ ಹಾಕಿ ಬಳಸುತ್ತಿದ್ದ ಇಂಟರ್‌ನೆಟ್ ಹಳ್ಳಿಯ ಜಗಲಿಗೂ ದಿನವಿಡೀ ಹರಿಯತೊಡಗಿತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಚುಟುಕು ವಿಡಿಯೊಗಳ ಹುಚ್ಚು ಇಳಿಯಬಹುದೆಂದು ಕೆಲವರು ಭಾವಿಸಿದ್ದರು. ಆದದ್ದು ಬೇರೆ. ಜುಲೈನಲ್ಲಿ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ಆರಂಭಿಸಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಬೆಂಗಳೂರಿನಲ್ಲಿ ನೆಲೆಯಿರುವ ಶೇರ್‌ಚಾಟ್ ‘ಮೋಜ್’ ತಂದರೆ, ಡೈಲಿಹಂಟ್‌ನ ಕಂಪನಿ ‘ಜೋಶ್’ ತಂದಿತು. ಒಂದು ಆ್ಯಪ್ ಹೋಯಿತು, ಅದರ ಜಾಗಕ್ಕೆ ನಾಲ್ಕು ಬಂದವು. ಖಾಲಿಯಾದ ಜಾಗ ಖಾಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ಇಡೀ ದೇಶ ಅಂದು ಕಂಡಿತು.

ಹಾನಿಯ ಲೆಕ್ಕ ಎಷ್ಟು ಗಟ್ಟಿ?

ಈ ವಿಷಯದಲ್ಲಿ ವಿಜ್ಞಾನಿಗಳೆಲ್ಲ ಒಂದೇ ಮಾತು ಹೇಳುತ್ತಿಲ್ಲ. 2024ರಲ್ಲಿ ಬಂದ ‘ದಿ ಆ್ಯಂಕ್ಷಿಯಸ್ ಜನರೇಷನ್’ ಪುಸ್ತಕದಲ್ಲಿ ಜೊನಾಥನ್ ಹೈಟ್, ಹದಿಹರೆಯದವರಲ್ಲಿ ಆತಂಕ ಮತ್ತು ಖಿನ್ನತೆ ಹೆಚ್ಚಲು ಸ್ಮಾರ್ಟ್‌ಫೋನ್ ಮುಖ್ಯ ಕಾರಣವೆಂದು ವಾದಿಸಿದರು. ಮನೋವಿಜ್ಞಾನಿ ಕ್ಯಾಂಡಿಸ್ ಆಡ್ಜರ್ಸ್ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಶ್ನಿಸಿ, ಆಧಾರಗಳು ಅಷ್ಟು ದೂರದ ತೀರ್ಮಾನಕ್ಕೆ ಸಾಲವು ಎಂದರು. ಅದಕ್ಕೂ ಮೊದಲು, 2019ರಲ್ಲಿ, ಆಮಿ ಆರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್‌ಸ್ಕಿ ಲಕ್ಷಾಂತರ ಹದಿಹರೆಯದವರ ಸಮೀಕ್ಷೆಗಳನ್ನು ಪರಿಶೀಲಿಸಿದ್ದರು. ಆ ಮಕ್ಕಳ ನೆಮ್ಮದಿಯಲ್ಲಿರುವ ಹೆಚ್ಚುಕಡಿಮೆಯಲ್ಲಿ ಡಿಜಿಟಲ್ ಬಳಕೆಯೊಂದಿಗೆ ಹೊಂದಿಕೆಯಾಗುವ ಪಾಲು ಗರಿಷ್ಠ ಶೇ 0.4 ಎಂಬುದು ಅವರಿಗೆ ಕಂಡ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ವಿಡಿಯೊ ಗೇಮಿನ ಗೀಳಿಗೆ ಸ್ಥಾನವಿತ್ತು, ಸಾಮಾಜಿಕ ಜಾಲತಾಣದ ಬಳಕೆಗೆ ಪ್ರತ್ಯೇಕ ಹೆಸರಿರಲಿಲ್ಲ.

ಹಾಗೆಂದು ನಿಜವಾಗಿ ನರಳುವವರು ಇಲ್ಲವೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಅತಿಯಾದ ತಂತ್ರಜ್ಞಾನ ಬಳಕೆಗೆಂದು ‘ಶಟ್ ಕ್ಲಿನಿಕ್’ ತೆರೆಯಿತು. ಊಟ, ನಿದ್ದೆ, ಓದು, ಕೆಲಸ ಎಲ್ಲವೂ ಹದಗೆಟ್ಟವರು ಅಂಥ ನೆರವು ಪಡೆಯಲೇಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಆ ಹಂತದಲ್ಲಿಲ್ಲ. ನಮ್ಮದು ಕಾಯಿಲೆಯಲ್ಲ, ನಷ್ಟ. ದಿನಕ್ಕೆ ಒಂದು ಗಂಟೆ ಎಂದರೆ ವರ್ಷಕ್ಕೆ 365 ಗಂಟೆ. ಅಷ್ಟರಲ್ಲಿ ಒಂದು ವಾದ್ಯದ ಮೊದಲ ಪಾಠಗಳನ್ನು ಕಲಿಯಬಹುದು, ಹತ್ತಾರು ಕಾದಂಬರಿ ಓದಬಹುದು, ಹಿತ್ತಿಲನ್ನು ಹಸಿರು ಮಾಡಬಹುದು.

ನಷ್ಟದ ಇನ್ನೊಂದು ಮುಖವನ್ನು ಟಿವಿಯ ಕಾಲದಲ್ಲೇ ರಾಬರ್ಟ್ ಕ್ಯೂಬಿ ಮತ್ತು ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ಗುರುತಿಸಿದ್ದರು. ದಿನದ ಬೇರೆ ಬೇರೆ ಹೊತ್ತಿನಲ್ಲಿ ಜನರಿಗೆ ಸೂಚನೆ ಕೊಟ್ಟು, ಏನು ಮಾಡುತ್ತಿದ್ದೀರಿ, ಹೇಗನಿಸುತ್ತಿದೆ ಎಂದು ಅವರು ಬರೆಸಿಕೊಂಡರು. ಟಿವಿ ನೋಡುವಷ್ಟು ಹೊತ್ತು ಜನ ಹಗುರಾಗಿರುತ್ತಿದ್ದರು. ಆರಿಸಿದ ಕೂಡಲೇ ಆ ಹಗುರ ಹೋಗಿ ಜಡತೆ ಮಾತ್ರ ಉಳಿಯುತ್ತಿತ್ತು. ಆಟ, ಹವ್ಯಾಸಗಳ ನಂತರ ಮನಸ್ಸು ಮೊದಲಿಗಿಂತ ಚೇತರಿಸಿಕೊಳ್ಳುತ್ತಿತ್ತು. ಬಿಡುವಿನ ಕೆಲಸವೊಂದು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಸರಳ ಅಳತೆ ಬೇಕಿಲ್ಲ. ಮಾಡುವಾಗ ಹೇಗಿತ್ತು ಎಂದಷ್ಟೇ ಕೇಳಬಾರದು, ಮುಗಿಸಿ ಎದ್ದಾಗ ಹೇಗಿತ್ತು ಎಂದೂ ಕೇಳಬೇಕು.

ಬಿಟ್ಟವರಿಗೆ ಏನಾಯಿತು?

ಜನರಿಂದ ಫೋನನ್ನೋ ಆ್ಯಪನ್ನೋ ಕೆಲಕಾಲ ದೂರವಿಟ್ಟು ನೋಡಿದ ಪ್ರಯೋಗಗಳು ಈಚೆಗೆ ಹಲವು ನಡೆದಿವೆ. 2018ರಲ್ಲಿ ಅಮೆರಿಕದ ಮಧ್ಯಂತರ ಚುನಾವಣೆಗೆ ಮುನ್ನ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಹಣ ಕೊಟ್ಟು ಜನರಿಂದ ನಾಲ್ಕು ವಾರ ಫೇಸ್‌ಬುಕ್ ಬಿಡಿಸಿದರು. ದಿನಕ್ಕೆ ಸರಾಸರಿ ಒಂದು ಗಂಟೆ ಉಳಿಯಿತು, ನೆಮ್ಮದಿ ತುಸು ಹೆಚ್ಚಿತು. ಆ ಗಂಟೆ ಎಲ್ಲಿಗೆ ಹೋಯಿತು ಎಂಬುದು ನಮಗೆ ಮುಖ್ಯ. ಒಂದು ಭಾಗ ಮನೆಯವರ ಮತ್ತು ಗೆಳೆಯರ ಜೊತೆಗೆ, ಇನ್ನೊಂದು ಭಾಗ ಒಬ್ಬರೇ ಕೂತು ಟಿವಿ ನೋಡುವುದಕ್ಕೆ. ಉತ್ತು ಬಿತ್ತದೆ ಬಿಟ್ಟ ಹೊಲದಲ್ಲಿ ಹತ್ತಿರದ ಕಳೆ ಮೊದಲು ಹಬ್ಬುವಂತೆ, ಉಳಿದ ಹೊತ್ತಿಗೂ ಹತ್ತಿರದಲ್ಲಿ ಸಿಕ್ಕಿದ್ದೇ ಬಂದು ಸೇರಿತು.

2025ರಲ್ಲಿ ನೋವಾ ಕ್ಯಾಸ್ಟೆಲೊ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. 467 ಜನರ ಫೋನಿನಲ್ಲಿ ಎರಡು ವಾರ ಇಂಟರ್‌ನೆಟ್ ಕಟ್ಟಿಹಾಕಲಾಯಿತು. ಕರೆ ಮಾಡಬಹುದಿತ್ತು, ಮೆಸೇಜ್ ಕಳಿಸಬಹುದಿತ್ತು, ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಬಳಸಬಹುದಿತ್ತು. ಮನಸ್ಸಿನ ಆರೋಗ್ಯ, ನೆಮ್ಮದಿ, ಏಕಾಗ್ರತೆ ಈ ಮೂರರಲ್ಲಿ ಒಂದಾದರೂ ಶೇ 91ರಷ್ಟು ಜನರಲ್ಲಿ ಸುಧಾರಿಸಿತು. ಸುಧಾರಣೆಗೆ ಒಂದು ಕಾರಣವಾಗಿ ಸಂಶೋಧಕರು ತೋರಿಸಿದ್ದು ಉಳಿದ ಹೊತ್ತಿನ ಬಳಕೆಯನ್ನು. ಆ ಜನ ಎದುರಾಬದುರು ಕೂತು ಹೆಚ್ಚು ಮಾತಾಡಿದ್ದರು, ಹೆಚ್ಚು ವ್ಯಾಯಾಮ ಮಾಡಿದ್ದರು, ಗಿಡಮರಗಳ ನಡುವೆ ಹೆಚ್ಚು ಹೊತ್ತು ಇದ್ದರು. ಅದೇ ಅಧ್ಯಯನದಲ್ಲಿ ಕಟ್ಟುಪಾಡನ್ನು ಪೂರ್ತಿ ಪಾಲಿಸಿದವರು ಸುಮಾರು ಕಾಲುಭಾಗ ಮಾತ್ರ ಎಂಬುದನ್ನೂ ಗಮನಿಸಬೇಕು. ಪೂರ್ತಿ ಬಿಡುವುದು ಅಷ್ಟು ಕಷ್ಟ.

ಪೂರ್ತಿ ಬಿಡುವ ಅಗತ್ಯವೂ ಇರಲಾರದು. ಜರ್ಮನಿಯ ಬೋಖುಮ್‌ನಲ್ಲಿ ಯೂಲಿಯಾ ಬ್ರೈಲೊವ್‌ಸ್ಕಾಯಾ ಅವರ ತಂಡ ಒಂದು ಗುಂಪಿಗೆ ವಾರವಿಡೀ ಸ್ಮಾರ್ಟ್‌ಫೋನ್ ಬಿಡಲು, ಇನ್ನೊಂದಕ್ಕೆ ದಿನಕ್ಕೆ ಒಂದು ಗಂಟೆ ಕಡಿಮೆ ಮಾಡಲು ಹೇಳಿತು. ನಾಲ್ಕು ತಿಂಗಳ ನಂತರ ನೋಡಿದಾಗ, ಒಂದು ಗಂಟೆ ಕಡಿಮೆ ಮಾಡಿದವರಲ್ಲೇ ಒಳಿತು ಹೆಚ್ಚು ಕಾಲ ಉಳಿದಿತ್ತು. ಅದೇ ತಂಡದ ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಎರಡು ವಾರಗಳ ಕಾಲ ಒಂದು ಗುಂಪು ಜಾಲತಾಣಗಳ ಬಳಕೆಯನ್ನು ದಿನಕ್ಕೆ ಅರ್ಧ ಗಂಟೆ ಇಳಿಸಿತು, ಇನ್ನೊಂದು ಗುಂಪು ಅರ್ಧ ಗಂಟೆ ಹೆಚ್ಚು ವ್ಯಾಯಾಮ ಮಾಡಿತು, ಮೂರನೆಯದು ಎರಡನ್ನೂ ಮಾಡಿತು. ಎರಡನ್ನೂ ಮಾಡಿದವರಿಗೆ ಹೆಚ್ಚು ಲಾಭವಾಯಿತು, ಆರು ತಿಂಗಳ ನಂತರವೂ ಅದು ಕಾಣುತ್ತಿತ್ತು. ಕಳೆಯುವುದಷ್ಟೇ ಸಾಲದು, ಕೂಡಿಸಲೂ ಬೇಕು ಎಂಬುದಕ್ಕೆ ಇದು ನೇರ ಪುರಾವೆ.

ಸುಮ್ಮನೆ ಕೂರಲು ಕಲಿತರೆ ಸಾಲದೇ ಎಂದು ಕೇಳಬಹುದು. ಕಲಿತವರಿಗೆ ಅದು ದೊಡ್ಡ ಸಂಪತ್ತು. ಆದರೆ 2014ರಲ್ಲಿ ಟಿಮೊಥಿ ವಿಲ್ಸನ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮರೆಯುವಂತಿಲ್ಲ. ಬರಿಗೈಯಲ್ಲಿ ಒಬ್ಬರೇ 15 ನಿಮಿಷ ಕೂರಬೇಕು. ಬೇಕಿದ್ದರೆ ಗುಂಡಿ ಒತ್ತಿ ಸಣ್ಣ ಶಾಕ್ ಕೊಟ್ಟುಕೊಳ್ಳಬಹುದು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿದರು. ಮನುಷ್ಯನಿಗೆ ಖಾಲಿತನ ಅಷ್ಟು ಭಾರ. ಅಭ್ಯಾಸವಿಲ್ಲದವರಿಗೆ ‘ಸುಮ್ಮನಿರಿ’ ಎನ್ನುವ ಬದಲು ‘ಇದನ್ನು ಮಾಡಿ’ ಎನ್ನುವುದು ಕರುಣೆಯ ಮಾತು.

ಅಭ್ಯಾಸದ ಜಾಗಕ್ಕೆ ಅಭ್ಯಾಸ

ನಮ್ಮ ದಿನಚರಿಯ ಸುಮಾರು ಶೇ 43ರಷ್ಟು ಕೆಲಸಗಳು ಯೋಚನೆಯಿಲ್ಲದೆ ಅಭ್ಯಾಸಬಲದಿಂದ ನಡೆಯುತ್ತವೆ ಎಂದು ಮನೋವಿಜ್ಞಾನಿ ವೆಂಡಿ ವುಡ್ ಅಂದಾಜಿಸಿದ್ದಾರೆ. ಅಭ್ಯಾಸವನ್ನು ಅಳಿಸುವುದು ಕಷ್ಟ, ಅದರ ಜಾಗದಲ್ಲಿ ಬೇರೊಂದನ್ನು ಕೂರಿಸುವುದು ಸಾಧ್ಯ. ಈ ದಾರಿಯನ್ನು 1973ರಲ್ಲೇ ಅಜ್ರಿನ್ ಮತ್ತು ನನ್ ತೋರಿಸಿದ್ದರು. ಉಗುರು ಕಚ್ಚುವಂಥ ಚಟ ಇರುವವರಿಗೆ, ಕೈ ಬಾಯಿಯತ್ತ ಹೊರಟಾಗ ಮುಷ್ಟಿ ಬಿಗಿಯುವಂತೆ, ಅಂದರೆ ಅದೇ ಕೈಗೆ ಬೇರೊಂದು ಕೆಲಸ ಕೊಡುವಂತೆ ಅವರು ಕಲಿಸಿದರು.

ಬೇರೊಂದು ಕೆಲಸ ಯಾವಾಗ, ಎಲ್ಲಿ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡರೆ ಅದು ನಡೆಯುವ ಸಾಧ್ಯತೆ ಹೆಚ್ಚು ಎಂಬುದು ಪೀಟರ್ ಗೋಲ್‌ವಿಟ್ಜರ್ ಅವರ ಸಂಶೋಧನೆಯ ತಿರುಳು. ‘ಇನ್ನು ಮೇಲೆ ಓದುತ್ತೇನೆ’ ಎಂಬ ಸಂಕಲ್ಪ ಎರಡು ದಿನ ಬಾಳುತ್ತದೆ. ‘ರಾತ್ರಿ ಪಾತ್ರೆ ತೊಳೆದು ಕೈ ಒರೆಸಿದ ಮೇಲೆ ದಿಂಬಿನ ಪಕ್ಕದ ಪುಸ್ತಕದ ನಾಲ್ಕು ಪುಟ’ ಎಂಬ ಸಂಕಲ್ಪ ಹೆಚ್ಚು ಬಾಳುತ್ತದೆ. ಹೊಸ ಅಭ್ಯಾಸ ಬೇರೂರಲು ಎಷ್ಟು ದಿನ ಬೇಕು? ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ನಡೆಸಿದ ಅಧ್ಯಯನದಲ್ಲಿ ಇದು ಸುಮಾರು 66 ದಿನವೆಂದು ಕಂಡಿತು. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಿತ್ತು. ನಡುವೆ ಒಂದು ದಿನ ತಪ್ಪಿದರೆ ಕೆಡುವುದೇನೂ ಇಲ್ಲ ಎಂಬುದೂ ಅಲ್ಲೇ ತಿಳಿದುಬಂತು.

ಇಷ್ಟನ್ನು ಒಟ್ಟು ಮಾಡಿದರೆ ಬದಲಿ ಕೆಲಸಕ್ಕೆ ನಾಲ್ಕು ಗುಣ ಬೇಕೆಂದು ತಿಳಿಯುತ್ತದೆ. ಅದು ಕೈಗೆ ಫೋನಿನಷ್ಟೇ ಹತ್ತಿರದಲ್ಲಿರಬೇಕು. ಹತ್ತು ನಿಮಿಷದ ತುಂಡು ಹೊತ್ತಿಗೂ ಒಗ್ಗಬೇಕು. ಅದಕ್ಕೊಂದು ಕೊನೆ ಇರಬೇಕು. ಮುಗಿದ ಮೇಲೆ ಏನಾದರೂ ಉಳಿಯಬೇಕು: ಒಂದು ವಸ್ತು, ಒಂದು ತಿಳಿವಳಿಕೆ, ಮನುಷ್ಯರ ನಡುವಿನ ಸಲಿಗೆ, ಇಲ್ಲವೇ ಮೈಗೆ ಹಿತವಾದ ದಣಿವು. ಕೌಶಲ ಬೆಳೆದಂತೆ ಸವಾಲೂ ಬೆಳೆಯುವ ಕೆಲಸವಾದರೆ ಇನ್ನೂ ಒಳ್ಳೆಯದು. ಮೈಮರೆಯುವ ತಲ್ಲೀನತೆ ಅಲ್ಲಿ ಹುಟ್ಟುತ್ತದೆ ಎಂಬುದನ್ನು ಚಿಕ್‌ಸೆಂಟ್‌ಮಿಹಾಯಿ 1990ರ ‘ಫ್ಲೋ’ ಪುಸ್ತಕದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ.

ನಮ್ಮ ಮನೆಯಲ್ಲೇ ಇರುವ ಕೆಲಸಗಳು

ಈ ನಾಲ್ಕೂ ಗುಣಗಳ ಕೆಲಸಗಳನ್ನು ಹುಡುಕಲು ದೂರ ಹೋಗಬೇಕಿಲ್ಲ.

ಕೈಯಿಂದ ಆರಂಭಿಸೋಣ. ಧಾರವಾಡ ಸೀಮೆಯ ಕಸೂತಿ ಬಟ್ಟೆಯ ಎಳೆಗಳನ್ನು ಎಣಿಸಿ ಹಾಕುವ ಹೊಲಿಗೆ. ಗಂಟು ಹಾಕುವಂತಿಲ್ಲ. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣಬೇಕು. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಹೀಗಾಗಿ ಮನಸ್ಸು ಅತ್ತಿತ್ತ ಹೋಗಲು ಎಡೆಯಿಲ್ಲ. ಉತ್ತರ ಕರ್ನಾಟಕದ ಕೌದಿ ಇನ್ನೂ ಸುಲಭ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಜೋಡಿಸಿ ಹೊಲಿಯುತ್ತ ಹೋದರೆ ದಿನಕ್ಕೊಂದು ಗೇಣು ಮುಂದೆ ಸಾಗುತ್ತದೆ. ಮಧ್ಯಾಹ್ನದ ಹೊತ್ತು ನಾಲ್ಕು ಜನ ಕೂತು ಮಾತಾಡುತ್ತಲೇ ಹೊಲಿಯಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಇಂದು ಕಲಾಕೃತಿಗಳೆಂದು ಹೆಸರಾಗಿವೆ. ಅವುಗಳ ಮೂಲ ಮನೆಯ ಹಳೆಬಟ್ಟೆ ಮತ್ತು ಮನೆಯ ಬಿಡುವು.

ಆಟಗಳಿವೆ. ತುಳುನಾಡಿನ ಚೆನ್ನೆಮಣೆಗೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಯಿ. ಗದ್ದೆ ಕೆಲಸ ತಗ್ಗಿ ಮಳೆ ಹೊಯ್ಯುವ ಆಟಿ ತಿಂಗಳಲ್ಲಿ ಆಡುತ್ತಿದ್ದುದು. ಬಯಲುಸೀಮೆಯವರಿಗೆ ಅದೇ ಅಳಗುಳಿಮಣೆ. ಚೌಕಾಬಾರಕ್ಕೆ ಸೀಮೆಸುಣ್ಣದ ಗೆರೆ ಮತ್ತು ಕವಡೆ ಸಾಕು. ಇವುಗಳಿಗೆ ಗೆಲುವು ಸೋಲೆಂಬ ಕೊನೆ ಇದೆ, ಎದುರಿಗೊಬ್ಬ ಮನುಷ್ಯ ಬೇಕು, ಅಜ್ಜಿಗೂ ಮೊಮ್ಮಗನಿಗೂ ಸಮಬಲದ ಪಂದ್ಯ ಸಾಧ್ಯ. ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡು ಬೈದರೆ ಜಗಳವಷ್ಟೇ ಉಳಿಯುತ್ತದೆ. ಮಣೆ ಹಾಕಿ ‘ಬಾ ಮಗಾ, ಒಂದಾಟ ಆಡೋಣ’ ಎಂದು ದೊಡ್ಡವರೇ ಕೂತರೆ ಅವರಿಗೊಂದು ದಾರಿ ಸಿಗುತ್ತದೆ.

ಮಣ್ಣಿನ ಕೆಲಸಕ್ಕೆ ಹಿತ್ತಿಲೇ ಬೇಕೆಂದಿಲ್ಲ. ಬಾಲ್ಕನಿಯ ಕುಂಡದಲ್ಲಿ ಹಾಕಿದ ಮೆಂತ್ಯ ಮೂರ್ನಾಲ್ಕು ದಿನಕ್ಕೆ ಮೊಳೆತು ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಹರಿವೆಯೂ ಹಾಗೆಯೇ. ಬೆಳಿಗ್ಗೆ ಎದ್ದ ಕೂಡಲೇ ನೋಡುವ ಮೊದಲ ವಸ್ತು ಮೊಬೈಲಿನ ಪರದೆಯಾಗುವ ಬದಲು ಕುಂಡದ ಚಿಗುರಾದರೆ, ಅಲ್ಲೂ ನಿನ್ನೆಗಿಂತ ಇಂದು ಹೊಸದೇನಿದೆ ಎಂಬ ಕುತೂಹಲ ಇದ್ದೇ ಇರುತ್ತದೆ. ಹೊಸದರ ಆಸೆ ನಮ್ಮ ಸ್ವಭಾವ. ಅದನ್ನು ಅದುಮಬೇಕಿಲ್ಲ, ಒಳ್ಳೆಯ ಕಡೆ ತಿರುಗಿಸಿದರೆ ಸಾಕು.

ಕಣ್ಣಿಗೆ ಹಕ್ಕಿಗಳಿವೆ. ಪ್ರತಿ ಫೆಬ್ರುವರಿಯಲ್ಲಿ ಜಗತ್ತಿನಾದ್ಯಂತ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ಗೆ ಕೇಳುವುದು ಕೇವಲ 15 ನಿಮಿಷ: ಮನೆಯ ಸುತ್ತ ಕಂಡ ಹಕ್ಕಿಗಳನ್ನು ಎಣಿಸಿ ದಾಖಲಿಸಬೇಕು. ಕರ್ನಾಟಕದ ಹಕ್ಕಿಪ್ರಿಯರು ಇದರಲ್ಲಿ ಉತ್ಸಾಹದಿಂದ ತೊಡಗುತ್ತಾರೆ. ಈ ದಾರಿಯಲ್ಲಿ ನಮಗೆ ದೊಡ್ಡ ಹಿರಿಯರಿದ್ದಾರೆ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಬೆನ್ನುಹತ್ತಿ ಫೋಟೊ ತೆಗೆದು ‘ಹಕ್ಕಿ ಪುಕ್ಕ’ ಬರೆದರು. ಶಿವರಾಮ ಕಾರಂತರು ಹಕ್ಕಿಗಳ ಬಗ್ಗೆ ಪುಸ್ತಕ ಬರೆದಾಗ ಅವರಿಗೆ 95 ವರ್ಷ. ಕುತೂಹಲಕ್ಕೆ ವಯಸ್ಸಿನ ಗಡಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕೈ ಖಾಲಿಯಿಲ್ಲದವರಿಗೆ ಕಿವಿ ಇದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಆಕಾಶವಾಣಿಯ ಕಾಲದಿಂದ ಈವರೆಗೆ ರೇಡಿಯೊ ಕೇಳುಗರ ಕೈಯನ್ನು ಕಟ್ಟಿಹಾಕಿಲ್ಲ. ಸೊಪ್ಪು ಸೋಸುತ್ತ, ಬಟ್ಟೆ ಮಡಚುತ್ತ ಚಿಂತನವನ್ನೋ ಸಂಗೀತವನ್ನೋ ನಾಟಕವನ್ನೋ ಕೇಳಬಹುದು. ಇಂದು ಅದೇ ಫೋನಿನಲ್ಲಿ ಗಮಕ, ತಾಳಮದ್ದಳೆ, ಕತೆಗಳ ಓದು ಸಿಗುತ್ತವೆ. ಪರದೆಯನ್ನು ಬೋರಲು ಹಾಕಿ ಕೇಳಿದರೆ ಫೋನ್ ಕೂಡ ಒಳ್ಳೆಯ ಒಡನಾಡಿ. ಹಾಗೆಯೇ, ಹತ್ತು ನಿಮಿಷ ಇತರರ ಸ್ಟೇಟಸ್ ನೋಡುವ ಬದಲು ಅವರಲ್ಲಿ ಒಬ್ಬರಿಗೆ ಕರೆ ಮಾಡಿ ‘ಹೇಗಿದ್ದೀರಿ ಅತ್ತಿಗೆ, ಮಂಡಿ ನೋವು ಕಡಿಮೆಯಾಯಿತೇ’ ಎಂದು ಕೇಳುವುದು ಅದೇ ಯಂತ್ರದ ಅತ್ಯುತ್ತಮ ಬಳಕೆ. ದೂರದ ಊರು, ದೇಶಗಳಲ್ಲಿ ಮಕ್ಕಳಿರುವ ಮನೆಗಳಲ್ಲಿ ಆ ಹತ್ತು ನಿಮಿಷದ ಬೆಲೆ ಎಷ್ಟೆಂದು ಹೇಳಬೇಕಿಲ್ಲ.

ಓದು ಎಲ್ಲಕ್ಕಿಂತ ಕಷ್ಟದ ಬದಲಿ ಎಂದು ಹಲವರು ಹೇಳುತ್ತಾರೆ. ಹಿಂದೆ ಕಾದಂಬರಿಗಳನ್ನು ಒಂದೇ ಉಸಿರಿಗೆ ಓದುತ್ತಿದ್ದವರಿಗೂ ಈಗ ಎರಡು ಪುಟ ಸಾಗದು. ದೊಡ್ಡ ಪುಸ್ತಕದಿಂದ ಶುರು ಮಾಡಿದ್ದೇ ಅದಕ್ಕೆ ಅನೇಕ ಸಲ ಕಾರಣ. ವಚನ, ಸಣ್ಣಕತೆ, ಲಲಿತ ಪ್ರಬಂಧ ಇವೆಲ್ಲ ತುಂಡು ಹೊತ್ತಿಗೆ ಹೇಳಿ ಮಾಡಿಸಿದ ಪ್ರಕಾರಗಳು. ಚುಟುಕು ವಿಡಿಯೊದಷ್ಟೇ ಹೊತ್ತಿನಲ್ಲಿ ಒಂದು ವಚನ ಓದಿ ಮುಗಿಸಬಹುದು, ಅದರ ಅರ್ಥ ಮಾತ್ರ ದಿನವಿಡೀ ಜೊತೆಗಿರುತ್ತದೆ.

ಯಾರ ಬಳಿ ಎಷ್ಟು ಬಿಡುವು?

ಈ ಸಲಹೆಗಳನ್ನು ಎಲ್ಲರಿಗೂ ಒಂದೇ ದನಿಯಲ್ಲಿ ಹೇಳುವುದು ನ್ಯಾಯವಲ್ಲ. 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಹೆಂಗಸರಿಗೆ ಬಿಡುವು ಇಡಿಯಾಗಿ ಸಿಗುವುದು ಅಪರೂಪ. ಹಾಲು ಉಕ್ಕುವ ಮುನ್ನ ಐದು ನಿಮಿಷ, ಮಗು ಮಲಗಿದಾಗ ಹತ್ತು ನಿಮಿಷ. ಅಂಥ ಚೂರುಗಳಿಗೆ ರೀಲ್ಸ್‌ನಷ್ಟು ಸಲೀಸಾಗಿ ಹೊಂದುವುದು ಬೇರೆ ಯಾವುದಿದೆ? ಹಗಲೆಲ್ಲ ತನ್ನದಲ್ಲದ ಹೊತ್ತು ಕಳೆದ ಗೃಹಿಣಿಯಾಗಲಿ, ಪಾಳಿ ಮುಗಿಸಿದ ಗಾರ್ಮೆಂಟ್ಸ್ ಕೆಲಸಗಾರ್ತಿಯಾಗಲಿ ನಡುರಾತ್ರಿಯವರೆಗೆ ಮೊಬೈಲ್ ನೋಡಿದರೆ, ಅದು ದಿನದಲ್ಲಿ ತನ್ನದೆಂಬ ಒಂದಿಷ್ಟು ಹೊತ್ತನ್ನು ಉಳಿಸಿಕೊಳ್ಳುವ ಪ್ರಯತ್ನ. ಅವಳಿಗೆ ಹವ್ಯಾಸದ ಉಪದೇಶ ಮಾಡುವ ಮೊದಲು ಮನೆಯ ಗಂಡಸರು ಪಾತ್ರೆ ತೊಳೆಯಲಿ. ಕೆಲಸ ಹಂಚಿಕೊಂಡಾಗಲೇ ಇಡಿಯಾದ ಅರ್ಧ ಗಂಟೆ ಅವಳ ಕೈಸೇರುವುದು.

ಮಕ್ಕಳ ವಿಷಯದಲ್ಲೂ ಹೊಣೆ ದೊಡ್ಡವರದೇ. ಶಾಲಾ ಶಿಕ್ಷಣ ಕುರಿತ ‘ಅಸರ್ 2024’ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವರ್ಷದವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಊರಲ್ಲಿ ಆಟದ ಬಯಲಿಲ್ಲ, ಶಾಲೆ ಮುಗಿದ ಮೇಲೆ ಹೋಗಲು ಜಾಗವಿಲ್ಲ, ಅಪ್ಪನ ಕೈಯಲ್ಲೂ ಅಮ್ಮನ ಕೈಯಲ್ಲೂ ಮೊಬೈಲ್. ಇಂಥ ಕಡೆ ಮಗುವೊಂದೇ ಬದಲಾಗಬೇಕೆನ್ನುವುದು ಅನ್ಯಾಯ. ಒಂಟಿಯಾಗಿರುವ ಹಿರಿಯರಿಗೆ ಕೆಲವೊಮ್ಮೆ ಆ ಪರದೆಯೇ ಹೊರಜಗತ್ತಿನ ಕಿಟಕಿ. ಅದನ್ನು ಮುಚ್ಚಿ ಎನ್ನುವವರು ಬಾಗಿಲು ತಟ್ಟಿ ಒಳಗೆ ಬಂದು ಕೂತು ಮಾತಾಡಲೂ ಸಿದ್ಧರಿರಬೇಕು.

ಊರು ಒಟ್ಟಾದಾಗ

ಒಬ್ಬೊಬ್ಬರೇ ಸೆಣಸುವ ಬದಲು ಊರೇ ಒಂದಾದರೆ ಏನಾಗಬಹುದು ಎಂಬುದಕ್ಕೆ ನಮ್ಮ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಮಾದರಿಯಾಗಿದೆ. 2022ರ ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಆ ಊರು ನಿರ್ಧರಿಸಿತು: ಸಂಜೆ ಏಳಕ್ಕೆ ಸೈರನ್ ಕೂಗಿದ ಮೇಲೆ ಒಂದೂವರೆ ಗಂಟೆ ಎಲ್ಲ ಮನೆಗಳಲ್ಲೂ ಟಿವಿ, ಮೊಬೈಲ್ ಬಂದ್. ಆ ಹೊತ್ತಿನಲ್ಲಿ ಮಕ್ಕಳು ಓದಬೇಕು, ದೊಡ್ಡವರು ಓದಬೇಕು ಇಲ್ಲವೇ ಮಾತಾಡಬೇಕು. ಶಿಕ್ಷಕರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮನವೊಲಿಸಿದರು. ನಂತರ ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಸಂಜೆ ಏಳರಿಂದ ಒಂಬತ್ತರವರೆಗೆ ಇದೇ ಕ್ರಮ ತಂದಿತು. ಎಲ್ಲರೂ ಏಕಕಾಲಕ್ಕೆ ಬಿಟ್ಟಾಗ ‘ನಾನೊಬ್ಬನೇ ಏನೋ ಕಳೆದುಕೊಳ್ಳುತ್ತಿದ್ದೇನೆ’ ಎಂಬ ತಳಮಳ ಇರುವುದಿಲ್ಲ. ಪಕ್ಕದ ಮನೆಯವರೂ ಅದೇ ಹೊತ್ತಿಗೆ ಖಾಲಿ ಇರುವುದರಿಂದ ಮಾತಿಗೆ ಜನ ಸಿಗುತ್ತಾರೆ. ಸೈರನ್ ಹೊತ್ತನ್ನು ಬಿಡಿಸಿಕೊಡುತ್ತದೆ, ಓದು ಮತ್ತು ಮಾತು ಅದನ್ನು ತುಂಬುತ್ತವೆ. ಎರಡೂ ಸೇರಿರುವುದೇ ಈ ಪ್ರಯೋಗದ ಶಕ್ತಿ.

ಬೆಂಗಳೂರಿನ ‘ಕಬ್ಬನ್ ರೀಡ್ಸ್’ ಇನ್ನೊಂದು ದಾರಿ. 2023ರ ಆರಂಭದಿಂದ ಶನಿವಾರಗಳಂದು ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಜನ ಚಾಪೆ ಹಾಸಿ ತಮ್ಮ ತಮ್ಮ ಪುಸ್ತಕ ಓದುತ್ತಾರೆ. ಶುಲ್ಕವಿಲ್ಲ, ಭಾಷಣವಿಲ್ಲ. ಸುತ್ತ ಓದುವವರಿದ್ದರೆ ಒಬ್ಬನೇ ಮನೆಯಲ್ಲಿ ಸಾಧಿಸಲಾಗದ ಏಕಾಗ್ರತೆ ತಾನಾಗಿ ಬರುತ್ತದೆ. ಈ ಮಾದರಿ ಹಲವು ನಗರಗಳಿಗೆ ಹಬ್ಬಿದೆ. ಅದೇ ಪಾರ್ಕಿನಲ್ಲಿ ನೂರು ದಾಟಿದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೇಂದ್ರ ಗ್ರಂಥಾಲಯವೂ ಇದೆ ಎಂಬುದು ನಮ್ಮ ಸಾರ್ವಜನಿಕ ಸಂಪತ್ತಿನ ನೆನಪು.

ಹಳ್ಳಿಗಳಲ್ಲಿ ಈ ಸಂಪತ್ತಿನ ಹೆಸರು ಅರಿವು ಕೇಂದ್ರ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಹಲವೆಡೆ ಹೊಸ ಜೀವ ಪಡೆದಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಲಕ್ಷಗಟ್ಟಲೆ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಸಂಜೆ ಬಾಗಿಲು ತೆರೆದಿರುವ, ದೀಪ ಉರಿಯುವ, ಚೆಸ್ ಬೋರ್ಡೂ ಕತೆ ಪುಸ್ತಕವೂ ಇರುವ, ಪ್ರೀತಿಯಿಂದ ಕರೆಯುವ ಮೇಲ್ವಿಚಾರಕರಿರುವ ಒಂದು ಕೋಣೆ ನೂರು ಎಚ್ಚರಿಕೆಯ ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಕೋಣೆಯ ಬಾಗಿಲು ಸಂಜೆಯೇ ಮುಚ್ಚಿದರೆ ಮಕ್ಕಳು ಮೊಬೈಲಿಗೆ ಮರಳುವುದು ಅವರ ತಪ್ಪಲ್ಲ.

ಎಲ್ಲಿಂದ ಆರಂಭ?

ಆ್ಯಪ್‌ಗಳನ್ನು ಅಳಿಸುವುದು, ನೋಟಿಫಿಕೇಶನ್ ನಿಲ್ಲಿಸುವುದು, ಪರದೆಯನ್ನು ಕಪ್ಪುಬಿಳುಪು ಮಾಡುವುದು, ಚಾರ್ಜರನ್ನು ಮಲಗುವ ಕೋಣೆಯಿಂದ ಹೊರಗಿಡುವುದು ಇವೆಲ್ಲ ಉಪಯುಕ್ತ. ಇವು ಫೋನನ್ನು ಒಂದು ಮಾರು ದೂರ ಸರಿಸುತ್ತವೆ. ಆದರೆ ದಿನದ ಯಾವ ಹೊತ್ತನ್ನು ಬಿಡಿಸಿಕೊಳ್ಳಬೇಕು ಎಂದು ಒಂದನ್ನೇ ಆರಿಸಿ, ಆ ಹೊತ್ತಿಗೆ ಒಂದೇ ಕೆಲಸವನ್ನು ಗೊತ್ತು ಮಾಡಿ, ಅದರ ಸಾಮಾನನ್ನು ಫೋನ್ ಇರುತ್ತಿದ್ದ ಜಾಗದಲ್ಲೇ ತಂದಿಡುವ ತನಕ ಬದಲಾವಣೆ ನೆಲೆ ನಿಲ್ಲುವುದಿಲ್ಲ. ಸೂಜಿದಾರದ ಡಬ್ಬಿಯೋ ಕತೆಯ ಪುಸ್ತಕವೋ ಚೌಕಾಬಾರದ ಕವಡೆಯೋ ಕೈಗೆಟಕುವಲ್ಲಿ ಇರಬೇಕು. ಮನೆಯಲ್ಲಿ ಇನ್ನೊಬ್ಬರು ಜೊತೆಯಾದರೆ ಬಾಳಿಕೆ ಇಮ್ಮಡಿ.

ನಮ್ಮ ಆಯಸ್ಸು ದೊಡ್ಡ ದೊಡ್ಡ ಘಟನೆಗಳಿಗಿಂತ ಹೆಚ್ಚಾಗಿ ಇಂಥ ತುಂಡು ಹೊತ್ತುಗಳಿಂದಲೇ ಆಗಿದೆ. ಅವುಗಳಿಗೆ ಬೆಲೆ ಇದೆ ಎಂದು ಕಂಪನಿಗಳಿಗೆ ನಮಗಿಂತ ಮೊದಲೇ ಗೊತ್ತಾಯಿತು. ಹಾಗಾಗಿಯೇ ಕಂಪನಿಗಳು ನಮ್ಮ ಹೊತ್ತನ್ನು ಕೊಂಡು ಜಾಹೀರಾತುದಾರರಿಗೆ ಮಾರುತ್ತಿವೆ. ಆ ಹೊತ್ತನ್ನು ಮರಳಿ ಪಡೆಯುವುದು ಮನೆಯಲ್ಲಿ ಕೆಲಸ ಹಂಚಿಕೊಳ್ಳುವವರಿಂದ, ಗ್ರಂಥಾಲಯದ ಬಾಗಿಲು ಸಂಜೆ ತೆರೆದಿಡುವ ಪಂಚಾಯಿತಿಯಿಂದ, ಮಕ್ಕಳೊಂದಿಗೆ ಆಡಲು ಕೂರುವ ದೊಡ್ಡವರಿಂದ ಆಗಬೇಕಾದ ಕೆಲಸ. ಪಂಚಾಯಿತಿ ಸಭೆಯಲ್ಲಿ, ಮನೆಯ ಊಟದ ಹೊತ್ತಿನಲ್ಲಿ ಈ ಪ್ರಶ್ನೆ ಎತ್ತೋಣ: ಮೊಬೈಲ್ ಕೆಳಗಿಟ್ಟವರಿಗೆ ನಮ್ಮ ಮನೆಯಲ್ಲಿ, ನಮ್ಮ ಊರಿನಲ್ಲಿ ಮಾಡಲು ಏನಿದೆ? ಉತ್ತರ ಇಲ್ಲದ ಕಡೆ ಅದನ್ನು ಕಟ್ಟುವುದೇ ಮೊದಲ ಕೆಲಸ.